ಮನೆಯ ಕಿಟಕಿಯೂ ಬೀದಿಯ ಸದ್ದೂ

ಮುದಗಲ್ಲಿನ ಕೋಟೆಯನ್ನು ನೋಡಿದವರು ಅದರ ರಚನೆಯಲ್ಲಿ ಒಂದು ಸಂಗತಿಯನ್ನು ಗಮನಿಸಿರಬಹುದು. ಮೊದಲು ಅಗಲವಾದ ಕಂದಕ. ಅದರ ಹಿಂದೆ ಬುರುಜುಗಳಿಂದ ಕೂಡಿದ ಒಂದು ಗೋಡೆ. ಆ ಗೋಡೆಯ ಹಿಂದೆ ಓಣಿಯಷ್ಟು ಇಕ್ಕಟ್ಟಾದ ತೆರಪು. ಅದರಾಚೆ ಇನ್ನೂ ಬಲವಾದ ಮತ್ತೊಂದು ಗೋಡೆ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲಕ್ಕಾಗಿ ಬಹಮನಿಯವರೂ ವಿಜಯನಗರದವರೂ ವಿಜಾಪುರದ ಆದಿಲಶಾಹಿಗಳೂ ಹೊಡೆದಾಡಿದ ಕಾಲದಲ್ಲಿ ಇಷ್ಟು ಬಂದೋಬಸ್ತು ಅಗತ್ಯವಾಗಿಯೇ ಇದ್ದಿತು. ಆದರೆ ಕೋಟೆ ಎಂದ ಮೇಲೆ ಬಾಗಿಲು ಇರಲೇಬೇಕಷ್ಟೆ. ಗೋಡೆ ಎಷ್ಟೇ ದಪ್ಪವಾಗಿದ್ದರೂ ಶತ್ರುವಿನ ಕಣ್ಣು ಬೀಳುವುದು ಬಾಗಿಲಿನ ಮೇಲೆ. ಅದನ್ನು ಅರಿತೇ ಕಟ್ಟಿದವರು ಬಾಗಿಲಿನ ದಾರಿಯನ್ನು ನೇರವಾಗಿ ಬಿಡದೆ, ತಿರುವು ಕೊಟ್ಟು, ಒಂದರ ಹಿಂದೆ ಒಂದರಂತೆ ದ್ವಾರಗಳನ್ನು ಇಟ್ಟರು.

ಬೀದಿಯ ಸದ್ದಿನ ಮಟ್ಟಿಗೆ ನಮ್ಮ ಮನೆಯೂ ಒಂದು ಕೋಟೆಯೇ. ಗೋಡೆಗಳು ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತವೆ, ಸೋಲುವುದು ಕಿಟಕಿ. ಅದು ಹೇಗೆ ಸೋಲುತ್ತದೆ, ಅದನ್ನು ಬಲಪಡಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಲಿಂಗಸುಗೂರಿನಿಂದ ಮುದಗಲ್ ಮೂಲಕ ಇಳಕಲ್ಲು, ಹುನಗುಂದಗಳ ಕಡೆಗೆ ಸಾಗುವ ರಸ್ತೆ ರಾತ್ರಿಯಲ್ಲಿಯೂ ಪೂರ್ತಿಯಾಗಿ ನಿದ್ರಿಸುವುದಿಲ್ಲ. ಬತ್ತದ ಲಾರಿ, ಹತ್ತಿಯ ಲಾರಿ, ಕಲ್ಲು ಹೊತ್ತ ಲಾರಿ, ದೂರದ ಊರಿನ ಬಸ್ಸು, ಇವೆಲ್ಲ ಊರೊಳಗೆ ಬರುವಾಗ ಗೇರು ಬದಲಿಸಿ, ಹಾರನ್ನು ಹಾಕಿ ಮುಂದೆ ಹೋಗುತ್ತವೆ. ರಸ್ತೆಯ ಪಕ್ಕದ ಮನೆಯಲ್ಲಿ ಮಲಗಿದವರಿಗೆ ಇದು ಹೊಸದೇನೂ ಅಲ್ಲ. ಮಾರ್ಚಿ ತಿಂಗಳು ಬಂತೆಂದರೆ ಮಾತ್ರ ಎರಡು ಕಷ್ಟಗಳು ಕೂಡಿಬರುತ್ತವೆ: ಬಿಸಿಲು ಏರುತ್ತದೆ, ಮಕ್ಕಳ ಪರೀಕ್ಷೆಗಳೂ ಹತ್ತಿರವಾಗುತ್ತವೆ. ಕಿಟಕಿ ತೆರೆದರೆ ಸದ್ದು, ಮುಚ್ಚಿದರೆ ಸೆಕೆ. ರಾಯಚೂರು ಸೀಮೆಯ ಸೆಕೆ ಎಂಥದು ಎಂಬುದನ್ನು ಆ ಕಡೆಯವರಿಗೆ ವಿವರಿಸಬೇಕಾಗಿಲ್ಲ.

“ಕೇಳಿ ಕೇಳಿ ರೂಢಿಯಾಗಿಬಿಟ್ಟಿದೆ” ಎನ್ನುವವರು ಉಂಟು. ಮನಸ್ಸಿಗೆ ರೂಢಿಯಾಗುವುದು ನಿಜ. ದೇಹಕ್ಕೆ ಅಷ್ಟು ಸುಲಭವಾಗಿ ಆಗುವುದಿಲ್ಲ. ನಿದ್ರೆಯಲ್ಲಿ ಎಚ್ಚರವಾಗದಿದ್ದರೂ ದೊಡ್ಡ ಸದ್ದಿಗೆ ಎದೆಯ ಬಡಿತ ಏರುವುದನ್ನೂ, ನಿದ್ರೆಯ ಆಳ ಕಡಿಮೆಯಾಗುವುದನ್ನೂ ಉಪಕರಣಗಳು ತೋರಿಸಿಕೊಟ್ಟಿವೆ. ಮಕ್ಕಳ ಓದಿನ ಮೇಲೆ ಸದ್ದಿನ ಪರಿಣಾಮವನ್ನು ತಿಳಿಸುವ ಪ್ರಸಿದ್ಧವಾದ ಒಂದು ಪರಿಶೀಲನೆ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನಡೆಯಿತು. ಅಲ್ಲಿಯ ಒಂದು ಪ್ರಾಥಮಿಕ ಶಾಲೆಯ ಒಂದು ಪಕ್ಕದಲ್ಲಿಯೇ ಎತ್ತರದ ಕಂಬಗಳ ಮೇಲೆ ರೈಲುಹಳಿ ಹಾದುಹೋಗಿತ್ತು. ಹಳಿಯ ಪಕ್ಕದ ಕೋಣೆಗಳಲ್ಲಿ ಓದಿದ ಮಕ್ಕಳನ್ನೂ, ಅದೇ ಕಟ್ಟಡದ ಇನ್ನೊಂದು ಪಕ್ಕದ ನಿಶ್ಶಬ್ದವಾದ ಕೋಣೆಗಳಲ್ಲಿ ಓದಿದವರನ್ನೂ ಮನಶ್ಶಾಸ್ತ್ರಜ್ಞೆ ಆರ್ಲಿನ್ ಬ್ರಾನ್ಸಾಫ್ಟ್ ಮತ್ತು ಡೆನಿಸ್ ಮೆಕಾರ್ಥಿ ಅವರು ಹೋಲಿಸಿ ೧೯೭೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರನೆಯ ತರಗತಿಗೆ ಬರುವ ಹೊತ್ತಿಗೆ ಸದ್ದಿನ ಪಕ್ಕದ ಮಕ್ಕಳು ಓದುವುದರಲ್ಲಿ ಸುಮಾರು ಒಂದು ವರ್ಷದಷ್ಟು ಹಿಂದೆ ಬಿದ್ದಿದ್ದರು! ಅನಂತರ ಹಳಿಯ ಕೆಳಗೆ ರಬ್ಬರಿನ ಮೆತ್ತೆಗಳನ್ನು ಇಡಲಾಯಿತು. ಆ ಕೋಣೆಗಳ ಛಾವಣಿಗೆ ಸದ್ದು ಹೀರುವ ಹಲಗೆಗಳನ್ನು ಹೊಂದಿಸಲಾಯಿತು. ೧೯೮೧ರಲ್ಲಿ ಪ್ರಕಟವಾದ ಎರಡನೆಯ ಪರಿಶೀಲನೆಯಲ್ಲಿ ಎರಡು ಪಕ್ಕದ ಮಕ್ಕಳಿಗೂ ವ್ಯತ್ಯಾಸ ಕಂಡುಬರಲಿಲ್ಲ. ಹಿಂದುಳಿದುದು ಮಕ್ಕಳ ಬುದ್ಧಿಯ ದೋಷದಿಂದಲ್ಲ, ಕೋಣೆಯ ದೋಷದಿಂದ ಎಂಬುದು ಇದರಿಂದ ವೇದ್ಯವಾಯಿತು.

ಈಗ ನಮ್ಮ ಕಿಟಕಿಗೆ ಬರೋಣ. ಮೊದಲು ಒಂದು ಸಣ್ಣ ಪ್ರಯೋಗ. ಅಡುಗೆಮನೆಯಲ್ಲಿ ಅಕ್ಕಿ ತುಂಬಿಡುವ ಉಕ್ಕಿನ ದೊಡ್ಡ ಡಬ್ಬಿಯೊಂದನ್ನು ಬರಿದು ಮಾಡಿ, ತಳದಲ್ಲಿ ನಾಲ್ಕು ಮಡಿಕೆಯ ಬಟ್ಟೆ ಹಾಸಿ, ಅದರ ಮೇಲೆ ಅಲಾರಂ ಬಾರಿಸುತ್ತಿರುವ ಮೊಬೈಲು ಫೋನನ್ನಿಡಿ. (ಹೊರಗಿನಿಂದ ಕರೆ ಮಾಡಿ ಬಾರಿಸುತ್ತೇನೆಂದರೆ ಆಗಲಾರದು, ಉಕ್ಕಿನ ಡಬ್ಬಿ ರೇಡಿಯೋ ಅಲೆಗಳನ್ನೂ ತಡೆದುಬಿಡಬಹುದು.) ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ. ಸದ್ದು ಎಷ್ಟೋ ಕುಗ್ಗುತ್ತದೆ. ಇನ್ನು ಮುಚ್ಚಳದ ಒಂದು ಅಂಚಿನಲ್ಲಿ ಸೀಸದ ಕಡ್ಡಿಯೊಂದನ್ನು ಸಿಕ್ಕಿಸಿ. ಮುಚ್ಚಳ ಕೊಂಚವೇ ಎದ್ದಿದೆ. ಆದರೂ ಸದ್ದು ಬಹುಮಟ್ಟಿಗೆ ಹಿಂದಿರುಗಿ ಬಂದುಬಿಟ್ಟಿತಲ್ಲವೆ? ಡಬ್ಬಿಯ ನೂರರಲ್ಲಿ ತೊಂಬತ್ತೇಳು ತೊಂಬತ್ತೆಂಟು ಭಾಗ ಈಗಲೂ ಮುಚ್ಚಿಯೇ ಇದೆ. ಮಿಕ್ಕ ಎರಡು ಮೂರು ಭಾಗದಲ್ಲಿಯೇ ಕೆಲಸ ಕೆಟ್ಟಿತು.

ಇದಕ್ಕೆ ಕಾರಣವೇನು? ಸದ್ದು ಎಂಬುದು ಗಾಳಿಯ ನಡುಕ. ಲಾರಿಯ ಇಂಜಿನು ಗಾಳಿಯನ್ನು ತಳ್ಳುತ್ತದೆ, ಎಳೆಯುತ್ತದೆ. ಆ ಒತ್ತಡದ ಏರಿಳಿತ ಸೆಕೆಂಡಿಗೆ ಸುಮಾರು ೩೪೦ ಮೀಟರಿನಂತೆ ಹಬ್ಬುತ್ತ ಬಂದು ಗೋಡೆಗೆ ಬಡಿಯುತ್ತದೆ. ಗೋಡೆಯನ್ನೇ ನಡುಗಿಸಿದರೆ ಮಾತ್ರ ಅದು ಆಚೆಯ ಗಾಳಿಯನ್ನು ನಡುಗಿಸೀತು. ಭಾರವಾದ ಗೋಡೆ ಅಷ್ಟು ಸುಲಭವಾಗಿ ಅಲುಗದು. ಆದರೆ ಬಿರುಕಿನಲ್ಲಿ ಅಲುಗಿಸಬೇಕಾದ ವಸ್ತುವೇ ಇಲ್ಲ; ಹೊರಗಿನ ಗಾಳಿಯೂ ಒಳಗಿನ ಗಾಳಿಯೂ ಅಲ್ಲಿ ಒಂದೇ. ಆದುದರಿಂದ ಗಾಳಿ ನುಸುಳುವ ಕಡೆಯೆಲ್ಲ ಸದ್ದೂ ನುಸುಳುತ್ತದೆ.

ಎಷ್ಟು ನುಸುಳುತ್ತದೆ ಎಂಬುದನ್ನು ಲೆಕ್ಕ ಹಾಕಲು ಡೆಸಿಬೆಲ್ ಎಂಬ ಮಾನವನ್ನು ತಿಳಿದಿರಬೇಕು. ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನ ಹೆಸರಿನಿಂದ ಬಂದ ಮಾತಿದು. ಇದರ ಗಣಿತ ನಮ್ಮ ಸಾಮಾನ್ಯ ಕೂಡುವ ಲೆಕ್ಕದಂತಲ್ಲ. ೧೦ ಡೆಸಿಬೆಲ್ ಇಳಿಯಿತೆಂದರೆ ಸದ್ದಿನ ಶಕ್ತಿ ಹತ್ತರಲ್ಲಿ ಒಂದು ಪಾಲಾಯಿತು. ೨೦ ಇಳಿದರೆ ನೂರರಲ್ಲಿ ಒಂದು. ೩೦ ಇಳಿದರೆ ಸಾವಿರದಲ್ಲಿ ಒಂದು. ಕಿವಿಗೆ ಮಾತ್ರ ಪ್ರತಿ ೧೦ ಡೆಸಿಬೆಲ್ಲಿಗೆ ಸದ್ದು ಸುಮಾರು ಅರ್ಧವಾದಂತೆ ತೋರುತ್ತದೆ. ಪಿಸುಮಾತು ೩೦ರ ಸುಮಾರು, ಎದುರುಬದುರು ಕುಳಿತವರ ಮಾತು ೬೦ರ ಸುಮಾರು, ರಸ್ತೆಯ ಅಂಚಿನಲ್ಲಿ ಹಾದುಹೋಗುವ ಭಾರದ ಲಾರಿ ೮೦ಕ್ಕೂ ಮೇಲೆ. ಮಲಗುವ ಕೋಣೆಯಲ್ಲಿ ರಾತ್ರಿಯ ಸರಾಸರಿ ೩೦ ಡೆಸಿಬೆಲ್ಲನ್ನು ಮೀರಬಾರದು, ಬಿಡಿ ಸದ್ದುಗಳು ೪೫ನ್ನು ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯು ೧೯೯೯ರಲ್ಲಿ ಸೂಚಿಸಿತು.

ರಸ್ತೆಯ ಕಡೆಗೆ ಮುಖ ಮಾಡಿದ ಒಂದು ಕೋಣೆಯನ್ನು ಊಹಿಸಿಕೊಳ್ಳಿ. ಆ ಕಡೆಯ ಗೋಡೆ ನಾಲ್ಕು ಮೀಟರು ಉದ್ದ, ಮೂರು ಮೀಟರು ಎತ್ತರ. ಗಿಲಾವು ಮಾಡಿದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ. ಇದು ಸುಮಾರು ೫೦ ಡೆಸಿಬೆಲ್ಲಿನಷ್ಟು ಸದ್ದನ್ನು ತಡೆಯಬಲ್ಲದು. ಅಂದರೆ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಇದರಲ್ಲಿ ೧.೨ ಮೀಟರು ಉದ್ದ, ಅಷ್ಟೇ ಅಗಲದ ಒಂದು ಕಿಟಕಿ. ಗೋಡೆಯ ನೂರರಲ್ಲಿ ಹನ್ನೆರಡು ಪಾಲು. ಕಿಟಕಿಯನ್ನು ತೆರೆದಿಟ್ಟರೆ ಆ ಹನ್ನೆರಡು ಪಾಲಿನಲ್ಲಿ ಬಂದ ಸದ್ದೆಲ್ಲ ಒಳಕ್ಕೆ. ಇಡೀ ಗೋಡೆಯ ತಡೆ ೯ ಡೆಸಿಬೆಲ್ಲಿಗೆ ಇಳಿಯಿತು. ಇಟ್ಟಿಗೆಯ ಬದಲು ಮುದಗಲ್ಲಿನ ಹಳೆಯ ಮನೆಗಳ ಎರಡು ಅಡಿಯ ಕಲ್ಲುಗೋಡೆಯೇ ಇದ್ದರೂ ಉತ್ತರ ಇದೇ ೯.

ಕಿಟಕಿಯನ್ನು ಮುಚ್ಚಿದೆವೆನ್ನಿ. ಎರಡು ಮರದ ಕದಗಳು. ಕದ ತಾನಾಗಿ ೨೮ ಡೆಸಿಬೆಲ್ ತಡೆಯುವಷ್ಟು ಗಟ್ಟಿಯಾಗಿದೆ ಎಂದಿಟ್ಟುಕೊಳ್ಳೋಣ. ಆದರೆ ಸುತ್ತ ನಾಲ್ಕು ಅಂಚಿನಲ್ಲಿಯೂ, ಎರಡು ಕದಗಳು ಕೂಡುವ ನಡುವಿನಲ್ಲಿಯೂ ಎರಡೆರಡು ಮಿಲಿಮೀಟರಿನ ಸಂದು. ಸಂದಿನ ಒಟ್ಟು ಉದ್ದ ಆರು ಮೀಟರು. ಅದರ ವಿಸ್ತೀರ್ಣ ಕಿಟಕಿಯ ೧೨೦ರಲ್ಲಿ ಒಂದು ಪಾಲು. ಅಷ್ಟರಿಂದಲೇ ಕಿಟಕಿಯ ತಡೆ ೨೮ರಿಂದ ೨೦ಕ್ಕೆ ಕುಸಿಯುತ್ತದೆ. ತೇಗದ ಬದಲು ಉಕ್ಕಿನ ಕದ ಹಾಕಿಸಿದರೂ ಈ ಸಂದುಗಳು ಇರುವವರೆಗೆ ೨೧ನ್ನು ದಾಟುವಂತಿಲ್ಲ. ಎಷ್ಟೋ ಮಂದಿ ಹಣ ಸುರಿದು ದಪ್ಪ ಗಾಜು ಹಾಕಿಸಿ, “ಏನೂ ಪ್ರಯೋಜನವಾಗಲಿಲ್ಲ” ಎಂದು ನಿರಾಶರಾಗುವುದು ಈ ಕಾರಣದಿಂದಲೇ.

ಇಡೀ ಗೋಡೆಗೆ ಲೆಕ್ಕ ಹಾಕಿದರೆ ಹೀಗಾಗುತ್ತದೆ: ಕಿಟಕಿ ತೆರೆದಾಗ ೯, ಸಂದುಗಳಿರುವ ಕಿಟಕಿ ಮುಚ್ಚಿದಾಗ ೨೯, ಅದೇ ಕದ, ಸಂದುಗಳನ್ನು ಮುಚ್ಚಿದ ಮೇಲೆ ೩೭. ಹೊರಗೆ ಲಾರಿಯ ಸದ್ದು ೮೦ ಇದ್ದರೆ ಒಳಗೆ ಅದು ಕ್ರಮವಾಗಿ ೭೧, ೫೧, ೪೩ರ ಸುಮಾರಿಗೆ ಬರುತ್ತದೆ. ೪೫ರ ಕೆಳಗೆ ತಂದುಕೊಟ್ಟುದು ಹೊಸ ಕಿಟಕಿಯಲ್ಲ, ಕೆಲವು ಮೊಳ ರಬ್ಬರಿನ ಪಟ್ಟಿ! ಬಾಗಿಲು, ಛಾವಣಿ, ಕೋಣೆಯೊಳಗಿನ ಸಾಮಾನು ಇವುಗಳಿಂದ ನಿಜವಾದ ಅಂಕಿ ಎರಡು ಮೂರು ಹೆಚ್ಚು ಕಡಿಮೆಯಾಗಬಹುದು. ಆದರೆ ಕ್ರಮ ಮಾತ್ರ ಇದೇ.

ಸಂದುಗಳನ್ನು ಹುಡುಕುವುದು ಕಷ್ಟವಲ್ಲ. ರಾತ್ರಿ ಕೋಣೆಯ ದೀಪ ಆರಿಸಿ, ಹೊರಗಿನಿಂದ ಒಬ್ಬರು ಬ್ಯಾಟರಿಯ ಬೆಳಕನ್ನು ಕಿಟಕಿಯ ಅಂಚುಗುಂಟ ಹಾಯಿಸುತ್ತ ಬರಲಿ. ಬೆಳಕು ಗೆರೆಯಾಗಿ ಕಂಡ ಕಡೆ ಸಂದಿದೆ. ಗಾಳಿಯಾಡುವ ಹಗಲಿನಲ್ಲಿ ಊದುಬತ್ತಿಯ ಹೊಗೆಯನ್ನು ಹಿಡಿದು ನೋಡಬಹುದು. ಕದ ಮುಚ್ಚುವಾಗ ಕಾಗದದ ಚೀಟಿಯೊಂದನ್ನು ನಡುವೆ ಇಟ್ಟು ಎಳೆಯಿರಿ. ಸಲೀಸಾಗಿ ಜಾರಿಬಂದರೆ ಅಲ್ಲಿ ಕದ ಚೌಕಟ್ಟಿಗೆ ಒತ್ತಿ ಕೂರುತ್ತಿಲ್ಲ.

ನಮ್ಮ ಹಳೆಯ ಮನೆಗಳಲ್ಲಿ ಸಂದುಗಳು ಮೂರು ಕಡೆ ಇರುವುದುಂಟು. ಚೌಕಟ್ಟಿಗೂ ಗೋಡೆಗೂ ನಡುವೆ ಇರುವುದು ಮೊದಲನೆಯದು. ಮರ ಒಣಗಿ ಕುಗ್ಗಿದೆ, ಮಣ್ಣೋ ಗಚ್ಚೋ ಉದುರಿದೆ. ಮೇಲೆ ಹೊಡೆದ ಬಣ್ಣ ಅದನ್ನು ಮರೆಮಾಡಿದೆ. ಇದನ್ನು ಕೆದಕಿ ತೆಗೆದು, ಆಳದವರೆಗೆ ಗಾರೆ ತುರುಕಿ, ಕೊನೆಯ ಅಂಚಿಗೆ ಮಾತ್ರ ಅಂಗಡಿಯಲ್ಲಿ ಸಿಕ್ಕುವ, ಒಣಗಿದ ಮೇಲೂ ಮೃದುವಾಗಿ ಉಳಿಯುವ ಸಿಲಿಕೋನ್ ಅಂಟನ್ನು ಎಳೆಯಬೇಕು. ಬರಿಯ ಸಿಮೆಂಟು ಮರದ ಜೊತೆಗೆ ಹಿಗ್ಗಿ ಕುಗ್ಗಲಾರದೆ ಒಂದು ಬೇಸಗೆಯಲ್ಲಿಯೇ ಬಿರುಕು ಬಿಡುತ್ತದೆ. ಎರಡನೆಯದು, ಗಾಜು ಕೂತ ಅಂಚು. ಹಳೆಯ ಪುಟ್ಟಿ ಉದುರಿ ಗಾಜು ಗಡಗಡಿಸುತ್ತಿದ್ದರೆ ಹೊಸ ಪುಟ್ಟಿ ಹಾಕಬೇಕು. ಮೂರನೆಯದು, ಮುಖ್ಯವಾದದ್ದು, ಕದ ಚೌಕಟ್ಟಿಗೆ ಒರಗುವ ಅಂಚು. ಇಲ್ಲಿ ಟೊಳ್ಳಾದ ರಬ್ಬರಿನ ಪಟ್ಟಿಯನ್ನು ಸುತ್ತಲೂ ಅಂಟಿಸಬೇಕು. ಮೂಲೆಗಳಲ್ಲಿ ಪಟ್ಟಿ ತುಂಡಾಗಿ ತೆರಪು ಉಳಿಯದಂತೆ ನೋಡಿಕೊಳ್ಳಬೇಕು. ಪಟ್ಟಿ ಹಾಕಿದ ಮೇಲೆ ಕದ ಮುಚ್ಚಲು ಕೊಂಚ ಒತ್ತಡ ಬೇಕಾಗುತ್ತದೆ. ಆದುದರಿಂದ ಸಡಿಲವಾದ ಚಿಲಕವನ್ನು ತೆಗೆದು, ಕದವನ್ನು ಎಳೆದು ಬಿಗಿಯುವಂಥ ಹಿಡಿಯನ್ನು ಹಾಕಿಸುವುದು ಮೇಲು. ಜೋತುಬಿದ್ದ ಕದವಾದರೆ ಮೊದಲು ಬಡಗಿಯಿಂದ ಬಿಜಾಗರಿಗಳನ್ನು ಸರಿಮಾಡಿಸಬೇಕು. ಸ್ಪಂಜಿನ ಅಗ್ಗದ ಪಟ್ಟಿ ಒಂದೆರಡು ವರ್ಷದಲ್ಲಿ ಚಪ್ಪಟೆಯಾಗಿ ಪುಡಿಪುಡಿಯಾಗುತ್ತದೆ, ಅದರಲ್ಲಿ ಉಳಿತಾಯವಿಲ್ಲ.

ಈಚಿನ ಮನೆಗಳಲ್ಲಿ ಕಾಣುವ ಅಲ್ಯೂಮಿನಿಯಮ್ಮಿನ ಜಾರು ಕಿಟಕಿಗಳ ವಿಷಯ ಒಂದು ಮಾತು. ಅವು ಜಾರಬೇಕಾದರೆ ಸಡಿಲವಾಗಿರಬೇಕು. ಸಡಿಲವಾಗಿದ್ದರೆ ಸದ್ದು ಬರಬೇಕು. ಅಂಚಿಗೆ ಹಚ್ಚಿದ ಕುಚ್ಚಿನ ಪಟ್ಟಿ ಧೂಳನ್ನು ತಡೆದೀತೇ ಹೊರತು ಸದ್ದನ್ನಲ್ಲ. ರಸ್ತೆಯ ಕಡೆಯ ಕೋಣೆಗೆ ಹೊಸ ಕಿಟಕಿ ಇಡಿಸುವವರು ಜಾರುವುದಕ್ಕಿಂತ, ಕೀಲಿನ ಮೇಲೆ ತಿರುಗಿ ರಬ್ಬರಿಗೆ ಒತ್ತಿ ಕೂರುವ ಕದವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಚೌಕಟ್ಟು ಮರದ್ದೋ ಅಲ್ಯೂಮಿನಿಯಮ್ಮಿನದೋ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದೋ ಎಂಬುದು ಅಷ್ಟು ದೊಡ್ಡ ವಿಷಯವಲ್ಲ.

ಪರದೆ ಕಟ್ಟಿದರೆ ಆಗದೆ? ಗೋಡೆಗೆ ಮೊಟ್ಟೆಯ ತಟ್ಟೆ, ಥರ್ಮೋಕೋಲು ಹಚ್ಚಿದರೆ ಆಗದೆ? ಹೀಗೆ ಕೇಳುವವರು ಬಹಳ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳು ಒಂದೇ ಎಂಬ ಭ್ರಮೆಯಿದೆ: ಸದ್ದನ್ನು ಹೀರುವುದು, ಸದ್ದನ್ನು ತಡೆಯುವುದು. ೧೮೯೫ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರವೊಂದರಲ್ಲಿ ಮಾತು ಮಾರ್ದನಿಯಲ್ಲಿ ಕಲಸಿಹೋಗಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೀನ್ ಎಂಬ ಯುವಕ ಅಧ್ಯಾಪಕನ ಪಾಲಿಗೆ ಬಂತು. ಆತನು ಬೀದಿಯ ಸದ್ದು ಅಡಗಿದ ರಾತ್ರಿಗಳಲ್ಲಿ, ಹತ್ತಿರದ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಹರವಿ, ಮಾರ್ದನಿ ಎಷ್ಟು ಬೇಗ ಅಡಗುತ್ತದೆಂದು ಅಳೆದು, ಬೆಳಗಾಗುವುದರೊಳಗೆ ಅವನ್ನು ಹಿಂದಕ್ಕೆ ಒಯ್ದಿಡುತ್ತಿದ್ದನು. ಸದ್ದನ್ನು ಹೀರುವ ಶಕ್ತಿಗೆ ಆತನು ಆರಿಸಿಕೊಂಡ ಮಾನ ಯಾವುದು ಗೊತ್ತೆ? ತೆರೆದ ಕಿಟಕಿ! ತೆರೆದ ಕಿಟಕಿಗೆ ಹೋದ ಸದ್ದು ಕೋಣೆಗೆ ಹಿಂದಿರುಗುವುದಿಲ್ಲ. ಆದುದರಿಂದ ಅದು ಪೂರ್ಣ ಹೀರಿಕೆ. ಒಳಗಿನ ಸದ್ದನ್ನು ಹೀರುವುದರಲ್ಲಿ ಅತ್ಯುತ್ತಮವಾದದ್ದೇ ಹೊರಗಿನ ಸದ್ದನ್ನು ತಡೆಯುವುದರಲ್ಲಿ ಅತ್ಯಂತ ಕೆಟ್ಟದ್ದು. ಪರದೆಯೂ ಹಾಗೆಯೇ: ಕೋಣೆಯೊಳಗಿನ ಮಾರ್ದನಿಯನ್ನು ಕೊಂಚ ತಗ್ಗಿಸೀತು, ಆದರೆ ಬಾಯಿಂದ ಊದಿದರೆ ಗಾಳಿ ದಾಟುವ ಬಟ್ಟೆ ಲಾರಿಯ ಸದ್ದನ್ನು ತಡೆಯದು. ಮೊಟ್ಟೆಯ ತಟ್ಟೆಗೂ ಥರ್ಮೋಕೋಲಿಗೂ ತೂಕವೇ ಇಲ್ಲ. ಸೊಳ್ಳೆಯ ಜಾಳಿಗೆಯ ವಿಷಯ ಹೇಳುವುದೇ ಬೇಡ.

ತೂಕ ಎಂದೆವಷ್ಟೆ. ಸಂದುಗಳನ್ನು ಮುಚ್ಚಿದ ಮೇಲೆ ಮುಂದಿನ ಮಾತು ಅದೇ. ಒಂದು ಚದರ ಮೀಟರು ಹಲಗೆಯ ತೂಕ ಇಮ್ಮಡಿಯಾದರೆ ಅದರ ತಡೆ ಸುಮಾರು ೬ ಡೆಸಿಬೆಲ್ ಏರಬೇಕೆಂಬುದು ನಿಯಮ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಚದರ ಮೀಟರಿಗೆ ೪೦೦ ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ೪ ಮಿಲಿಮೀಟರಿನ ಗಾಜು ಬರಿಯ ೧೦ ಕಿಲೋಗ್ರಾಂ. ಗಾಜನ್ನು ೬ ಮಿಲಿಮೀಟರಿನದಾಗಿ ಮಾಡಿದರೆ ೧೫ ಆಗುತ್ತದೆ. ಆದರೆ ಇದರಿಂದ ದೊರೆಯುವ ಲಾಭ ಎರಡು ಮೂರು ಡೆಸಿಬೆಲ್ ಮಾತ್ರ. ಏಕೆಂದರೆ ಗಾಜಿನ ಹಲಗೆಯಲ್ಲಿ ಬಾಗುವ ಅಲೆಗಳು ಹರಿಯುತ್ತವೆ. ಒಂದು ಗೊತ್ತಾದ ಕಂಪನ ಸಂಖ್ಯೆಯಲ್ಲಿ ಆ ಅಲೆಯ ನಡಿಗೆಯೂ ಹೊರಗಿನ ಗಾಳಿಯ ಅಲೆಯ ನಡಿಗೆಯೂ ಹೆಜ್ಜೆಗೆ ಹೆಜ್ಜೆ ಕೂಡುತ್ತವೆ. ಆಗ ಗಾಜು ತಡೆಯುವುದನ್ನು ಬಿಟ್ಟು ಸದ್ದಿಗೆ ದಾರಿ ಮಾಡಿಕೊಡುತ್ತದೆ. ೪ ಮಿಲಿಮೀಟರು ಗಾಜಿಗೆ ಇದು ಸೆಕೆಂಡಿಗೆ ಸುಮಾರು ೩,೦೦೦ ಕಂಪನಗಳಲ್ಲಿ ಒದಗುತ್ತದೆ. ೬ ಮಿಲಿಮೀಟರಿನದಕ್ಕೆ ೨,೦೦೦ದಲ್ಲಿ. ಹಾರನ್ನಿನ ಕರ್ಕಶ ಅಂಶ ಈ ಪ್ರಾಂತದಲ್ಲಿಯೇ ಇದೆ; ನಮ್ಮ ಕಿವಿಯೂ ಇಲ್ಲಿ ಬಹಳ ಚುರುಕು. ಈ ದೋಷಕ್ಕೆ ಮದ್ದು, ಎರಡು ಗಾಜುಗಳ ನಡುವೆ ಮೃದುವಾದ ಪ್ಲಾಸ್ಟಿಕ್ ಹಾಳೆಯನ್ನು ಬೆಸೆದ ಪದರ ಗಾಜು. ಮೋಟಾರು ಗಾಡಿಗಳ ಮುಂಗಾಜು ಈ ಜಾತಿಯದು. ನಡುವಣ ಹಾಳೆ ನಡುಕವನ್ನು ನುಂಗುತ್ತದೆ.

ಇನ್ನು ಜೋಡಿ ಗಾಜಿನ ವಿಷಯ. ಹನ್ನೆರಡು ಮಿಲಿಮೀಟರು ತೆರಪು ಬಿಟ್ಟು ಎರಡು ಗಾಜುಗಳನ್ನು ಕಾರ್ಖಾನೆಯಲ್ಲಿಯೇ ಮುಚ್ಚಿ ತಯಾರಿಸಿದ ಕಿಟಕಿಗಳನ್ನು “ಸೌಂಡ್ ಪ್ರೂಫ್” ಎಂದು ಮಾರುವುದನ್ನು ಕಾಣುತ್ತೇವೆ. ಬಿಸಿಲಿನ ಕಾವನ್ನು ತಡೆಯುವುದಕ್ಕೆ ಅವು ಉಪಯುಕ್ತ. ಸದ್ದಿನ ಮಟ್ಟಿಗೆ ಮಾತ್ರ ೪ ಮಿಲಿಮೀಟರಿನ ಜೋಡಿ ಗಾಜು ಒಂಟಿ ಗಾಜಿಗಿಂತ ಹೆಚ್ಚು ಸಾಧಿಸುವುದಿಲ್ಲ. ನಡುವಣ ತೆಳು ಗಾಳಿ ಒಂದು ಗಟ್ಟಿ ಸ್ಪ್ರಿಂಗಿನಂತೆ ವರ್ತಿಸಿ ಎರಡು ಗಾಜುಗಳನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ಸೆಕೆಂಡಿಗೆ ಸುಮಾರು ೨೪೫ ಕಂಪನಗಳಲ್ಲಿ ಈ ಜೋಡಿಯೇ ಅನುನಾದಗೊಂಡು ತೂಗಾಡತೊಡಗುತ್ತದೆ. ಲಾರಿಯ ಗುಡುಗಿನ ಬಹುಭಾಗ ಆ ಸುತ್ತಿನಲ್ಲಿಯೇ ಇದೆ. ತೆರಪನ್ನು ೧೦೦ ಮಿಲಿಮೀಟರಿಗೆ, ಅಂದರೆ ನಾಲ್ಕು ಅಂಗುಲಕ್ಕೆ, ಅಗಲಿಸಿದರೆ ಸ್ಪ್ರಿಂಗು ಸಡಿಲವಾಗುತ್ತದೆ. ಅನುನಾದ ೮೫ಕ್ಕೆ ಇಳಿಯುತ್ತದೆ. ಅದರ ಮೇಲಿನ ಸದ್ದುಗಳಿಗೆ ಎರಡು ಗಾಜುಗಳೂ ಬೇರೆ ಬೇರೆ ಗೋಡೆಗಳಂತೆ ನಿಲ್ಲುತ್ತವೆ. ಇಂಥ ಕಿಟಕಿ ೪೦ ಡೆಸಿಬೆಲ್ಲಿಗೂ ಮೇಲೆ ತಡೆಯುವುದುಂಟು. ನಮ್ಮ ಲೆಕ್ಕದ ಕೋಣೆಯಲ್ಲಿ ೪೨ ಡೆಸಿಬೆಲ್ಲಿನ ಕಿಟಕಿ ಇಟ್ಟರೆ ಇಡೀ ಗೋಡೆಯ ತಡೆ ೩೭ರಿಂದ ೪೮ರ ಹತ್ತಿರಕ್ಕೆ ಏರುತ್ತದೆ. ಎರಡು ಗೋಡೆಗಳ ನಡುವೆ ತೆರಪು ಬಿಟ್ಟ ಮುದಗಲ್ಲಿನ ಕೋಟೆಯನ್ನು ಇಲ್ಲಿ ನೆನೆಯಬಹುದು.

ಹಳೆಯ ಕಲ್ಲುಮನೆಯವರಿಗೆ ಇಲ್ಲಿ ಒಂದು ಅನುಕೂಲವಿದೆ. ಆ ಮನೆಗಳ ಗೋಡೆ ಎರಡು ಅಡಿ. ಚೌಕಟ್ಟು ಅದರ ಹೊರ ಅಂಚಿನಲ್ಲಿಯೋ ಒಳ ಅಂಚಿನಲ್ಲಿಯೋ ಕೂತಿರುತ್ತದೆ. ಉಳಿದ ಮೊಳದಷ್ಟು ಆಳ ಹೂಜಿ ಇಡುವುದಕ್ಕೆ, ಮಕ್ಕಳು ಹತ್ತಿ ಕೂರುವುದಕ್ಕೆ ಬಳಕೆಯಾಗುತ್ತದೆ. ಇದ್ದ ಮರದ ಕಿಟಕಿಯನ್ನು ಕೀಳದೆ, ಸಂದು ಮುಚ್ಚಿ, ಅದೇ ಗೂಡಿನ ಇನ್ನೊಂದು ಅಂಚಿನಲ್ಲಿ ಎರಡನೆಯ ಗಾಜಿನ ಕಿಟಕಿಯನ್ನು ನಿಲ್ಲಿಸಿದರೆ ನಾಲ್ಕಲ್ಲ, ಎಂಟು ಹತ್ತು ಅಂಗುಲದ ತೆರಪು ತಾನಾಗಿಯೇ ದೊರೆಯುತ್ತದೆ. ಆರಂಗುಲದ ಗೋಡೆಯ ಹೊಸ ಮನೆಗಳಲ್ಲಿ ಹಣ ಕೊಟ್ಟರೂ ಇದು ಸಿಕ್ಕದು. ಎರಡು ಕಿಟಕಿಗಳ ಗಾಜಿನ ದಪ್ಪ ಬೇರೆ ಬೇರೆಯಾಗಿರಲಿ, ಹೊರಗೆ ೪ ಮಿಲಿಮೀಟರಾದರೆ ಒಳಗೆ ೬. ಆಗ ಇಬ್ಬರೂ ಒಂದೇ ಸ್ವರಕ್ಕೆ ಸೋಲುವುದಿಲ್ಲ. ನಡುವಣ ಗೂಡಿನ ಪಕ್ಕಗಳಿಗೆ ದಪ್ಪನೆಯ ಉಣ್ಣೆಯ ಕಂಬಳಿಯ ತುಂಡನ್ನು ಹಚ್ಚಿದರೆ ಅಲ್ಲಿ ಸದ್ದು ಪುಟಿದಾಡುವುದು ಕಡಿಮೆಯಾಗುತ್ತದೆ. ಹೀರುವ ವಸ್ತುವಿಗೆ ನಿಜವಾದ ಸ್ಥಾನ ಇದು. ಎರಡನೆಯ ಕಿಟಕಿಯೂ ತೆರೆಯುವಂತಿರಬೇಕು. ಧೂಳು ಒರೆಸುವುದಕ್ಕೆ ಮಾತ್ರವಲ್ಲ, ಬೆಂಕಿ ಬಿದ್ದ ವೇಳೆ ಹೊರಬರುವುದಕ್ಕೆ.

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಗಾಳಿ. ಕೋಣೆಯನ್ನು ಡಬ್ಬಿಯಂತೆ ಮುಚ್ಚಿದ ಮೇಲೆ ಒಳಗಿನವರು ಉಸಿರಾಡುವುದು ಏನನ್ನು? ನಿದ್ರಿಸುವ ಮನುಷ್ಯ ಗಂಟೆಗೆ ಸುಮಾರು ಹನ್ನೆರಡು ಲೀಟರು ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತಾನೆ. ನಮ್ಮ ಕೋಣೆ ಮೂರು ಮೀಟರು ಅಗಲ, ನಾಲ್ಕು ಉದ್ದ, ಮೂರು ಎತ್ತರದ್ದಾಗಿದ್ದು, ಗಾಳಿ ಸ್ವಲ್ಪವೂ ಬದಲಾಗದೆ ಇಬ್ಬರು ಎಂಟು ಗಂಟೆ ಮಲಗಿದರೆ, ಹೊರಗೆ ನೂರಕ್ಕೆ ೦.೦೪ರಷ್ಟಿರುವ ಆ ಅನಿಲ ಒಳಗೆ ೦.೫ನ್ನು ಮೀರುತ್ತದೆ. ಬೆಳಗ್ಗೆ ತಲೆ ಭಾರವಾಗಿ ಏಳುವುದಕ್ಕೆ ಇಷ್ಟು ಸಾಕು. ಇದ್ದಿಲಿನ ಅಗ್ಗಿಷ್ಟಿಕೆ, ಎಣ್ಣೆಯ ಸ್ಟೌ, ಜನರೇಟರು ಇಂಥ ಯಾವುದೇ ಬೆಂಕಿಯ ಸಾಧನ ಇರುವ ಕೋಣೆಯನ್ನಂತೂ ಎಂದಿಗೂ ಹೀಗೆ ಮುಚ್ಚಕೂಡದು. ಅಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ.

ಹೀಗಿರುವುದರಿಂದ ಗಾಳಿಯನ್ನು ರಸ್ತೆಯ ಕಡೆಯಿಂದ ತೆಗೆದುಕೊಳ್ಳದೆ ಹಿತ್ತಲಿನ ಕಡೆಯಿಂದಲೋ ಒಳ ಅಂಗಳದಿಂದಲೋ ತೆಗೆದುಕೊಳ್ಳುವುದು ಮೊದಲ ಉಪಾಯ. ಮನೆಯೇ ನಡುವೆ ಅಡ್ಡವಾಗಿ ನಿಂತುದರಿಂದ ಅಲ್ಲಿಯ ಸದ್ದು ಬ��ಳ ಕಡಿಮೆ ಇರುತ್ತದೆ. ಹಿಂದಿನವರು ಬೀದಿಯ ಗೋಡೆಗೆ ಚಿಕ್ಕ ಕಿಟಕಿ ಇಟ್ಟು, ನಡುಮನೆಗೆ ಮಾಳಿಗೆಯ ಬೆಳಕಿಂಡಿಯಿಂದ ಬೆಳಕನ್ನೂ ಗಾಳಿಯನ್ನೂ ತೆಗೆದುಕೊಳ್ಳುತ್ತಿದ್ದುದು ಕಳ್ಳರ ಭಯದಿಂದಲೋ ಬಿಸಿಲಿನ ಭಯದಿಂದಲೋ ಇರಬಹುದು. ಸದ್ದಿನ ಮಟ್ಟಿಗೂ ಅದು ಸರಿಯಾದ ಕ್ರಮವೇ ಆಗಿತ್ತು. ಮಲಗುವುದನ್ನೂ ಮಕ್ಕಳು ಓದುವುದನ್ನೂ ಹಿಂದಿನ ಕೋಣೆಗೆ ಬದಲಿಸಿ, ಮುಂದಿನದನ್ನು ಅಂಗಡಿಗೋ ಬಂದವರಿಗೋ ಬಿಟ್ಟರೆ ಖರ್ಚಿಲ್ಲದೆ ಅರ್ಧ ಕೆಲಸವಾಗುತ್ತದೆ.

ಒಂದೇ ಕೋಣೆಯ ಮನೆಯಾಗಿ, ಗಾಳಿ ರಸ್ತೆಯ ಕಡೆಯಿಂದಲೇ ಬರಬೇಕಾಗಿದ್ದರೆ, ಕೋಟೆಯ ಬಾಗಿಲಿನ ಉಪಾಯವನ್ನು ಅನುಸರಿಸಬೇಕು. ಕಿಟಕಿಯ ಮೇಲುಗಡೆಯಲ್ಲಿ, ಸುಮಾರು ಒಂದು ಮೀಟರು ಉದ್ದದ ಮರದ ಗೂಡನ್ನು ಗೋಡೆಗೆ ಸೇರಿಸಿ, ಒಳಗೆ ಗಾಳಿ ಎರಡು ಬಾರಿ ತಿರುಗಿ ಬರುವಂತೆ ಅಡ್ಡಹಲಗೆಗಳನ್ನು ಇಡಬೇಕು. ಒಳಮೈಗೆಲ್ಲ ಒಂದು ಅಂಗುಲಕ್ಕೆ ಕಡಿಮೆಯಿಲ್ಲದ ಖನಿಜ ಉಣ್ಣೆಯನ್ನು ಹರವಿ, ಅದರ ನವಿರು ಗಾಳಿಯಲ್ಲಿ ಉದುರದಂತೆ ತೆಳು ಬಟ್ಟೆಯಿಂದ ಹೊದಿಸಬೇಕು. ಎರಡು ಬಾಯಿಗೂ ಜಾಳಿಗೆ. ನಮ್ಮಲ್ಲಿ ಹೇರಳವಾಗಿ ಸಿಕ್ಕುವ ಹತ್ತಿ ಈ ಕೆಲಸಕ್ಕೆ ಬೇಡ. ಒಂದು ಕಿಡಿ ಸಾಕು. ಗಾಳಿ ತಿರುವುಗಳಲ್ಲಿ ಹಾದು ಒಳಗೆ ಬರುತ್ತದೆ. ಸದ್ದು ಪ್ರತಿ ತಿರುವಿನಲ್ಲಿಯೂ ಉಣ್ಣೆಗೆ ಬಡಿದು ಕ್ಷೀಣಿಸುತ್ತದೆ. ಹಾರನ್ನಿನಂಥ ತಾರಸ್ವರಗಳು ಇಲ್ಲಿ ಚೆನ್ನಾಗಿ ಅಡಗುತ್ತವೆ. ಇಂಜಿನಿನ ಗುಡುಗು ಅಷ್ಟಾಗಿ ಅಡಗದು. ಎದುರು ಗೋಡೆಯಲ್ಲಿ ಗಾಳಿ ಹೊರಹೋಗಲು ಒಂದು ಕಿಂಡಿ ಇಲ್ಲದಿದ್ದರೆ ಈ ಗೂಡಿನಿಂದ ಗಾಳಿ ಬರುವುದಿಲ್ಲ ಎಂಬುದನ್ನು ಮರೆಯಬಾರದು. ಬೇಸಗೆಯಲ್ಲಿ ಅಲ್ಲಿ ಒಂದು ಸಣ್ಣ ಫ್ಯಾನು ಬೇಕಾದೀತು.

ಮಂದ್ರದ ಸದ್ದುಗಳು ಎಲ್ಲ ಕಿಟಕಿಗಳಿಗೂ ಸವಾಲೇ. ಸೆಕೆಂಡಿಗೆ ನೂರು ಕಂಪನಗಳ ಸದ್ದಿನ ಅಲೆಯ ಉದ್ದ ಮೂರು ಮೀಟರಿಗೂ ಹೆಚ್ಚು; ಅದು ಮನೆಯ ಮೂಲೆಯನ್ನು ಬಳಸಿ ಬರುತ್ತದೆ, ಹಗುರವಾದ ಗಾಜನ್ನು ಸಲೀಸಾಗಿ ಅಲುಗಿಸುತ್ತದೆ. ಮೊಹರಮ್ಮಿನ ದಿನಗಳಲ್ಲಿ ಮುದಗಲ್ಲಿನ ಹಲಗೆಯ ಬಡಿತ ಮುಚ್ಚಿದ ಕೋಣೆಯಲ್ಲಿ ಕಿವಿಗಿಂತ ಮೊದಲು ಎದೆಗೆ ತಿಳಿಯುವುದು ಈ ಕಾರಣದಿಂದ. ಎಲ್ಲ ಮತದವರೂ ಕೂಡುವ ಆ ಹಬ್ಬಕ್ಕೆ ಊರು ಊರೇ ಬೀದಿಗೆ ಬರುವುದರಿಂದ ಅಂದು ಕಿಟಕಿ ಮುಚ್ಚುವ ಪ್ರಶ್ನೆಯೂ ಏಳುವುದಿಲ್ಲವೆನ್ನಿ.

ವರ್ಷವಿಡೀ ನಡೆಯುವ ಸದ್ದಿನ ಮಾತು ಬೇರೆ. ಭಾರತ ಸರಕಾರದ ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್; ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು; ಹಬ್ಬಹರಿದಿನಗಳಿಗೆಂದು ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯ ಸರಕಾರ ಸಡಿಲ ಕೊಡಬಹುದು. ಈ ನಿಯಮದ ನೆನಪು ಕಿಟಕಿ ಸರಿಮಾಡಿಸುವವರಿಗೂ ಇರಬೇಕು. ಏಕೆಂದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಆ ಸೀಮೆಯ ಎಷ್ಟೋ ಮನೆಯವರು ಮಾಳಿಗೆಯ ಮೇಲೆ ಹಾಸಿಗೆ ಹಾಸುತ್ತಾರೆ. ಅಲ್ಲಿ ಗೋಡೆಯೂ ಇಲ್ಲ, ಗಾಜೂ ಇಲ್ಲ. ಅಲ್ಲಿಗೆ ಬರುವ ಸದ್ದನ್ನು ಹುಟ್ಟುವ ಕಡೆಯಲ್ಲಿಯೇ ತಗ್ಗಿಸಬೇಕಲ್ಲದೆ ಬೇರೆ ದಾರಿಯಿಲ್ಲ.

ಕೆಲಸ ಮಾಡಿಸುವವರು ಮೊದಲು ಮೊಬೈಲು ಫೋನಿನಲ್ಲಿ ದೊರೆಯುವ ಡೆಸಿಬೆಲ್ ಮಾಪಕದಿಂದ ರಾತ್ರಿ ಒಂದೇ ವೇಳೆಯಲ್ಲಿ, ಹಾಸಿಗೆಯ ತಲೆದಿಂಬಿನ ಜಾಗದಲ್ಲಿ, ಹತ್ತಾರು ಲಾರಿಗಳು ಹಾದುಹೋಗುವಾಗಿನ ಅಂಕಿಗಳನ್ನು ಬರೆದಿಟ್ಟುಕೊಳ್ಳಲಿ. ಫೋನಿನ ಅಂಕಿ ಕರಾರುವಾಕ್ಕಲ್ಲ; ಆದರೆ ಅದೇ ಫೋನಿನಿಂದ ಮುಂಚೆ ಮತ್ತು ಆಮೇಲೆ ಅಳೆದ ವ್ಯತ್ಯಾಸ ನಂಬತಕ್ಕದ್ದು. ರಬ್ಬರು ಪಟ್ಟಿ ಹಾಕಿದ ಮೇಲೆ ಆರೇಳು ಡೆಸಿಬೆಲ್ಲಾದರೂ ಇಳಿಯಬೇಕು. ಎರಡೇ ಇಳಿದಿದ್ದರೆ ಗಾಜು ಬದಲಿಸಲು ಓಡಬೇಡಿ. ಕಾಗದದ ಚೀಟಿಯನ್ನು ಮತ್ತೆ ಕೈಗೆ ತೆಗೆದುಕೊಂಡು ಕದದ ಕೆಳಗಿನ ಅಂಚನ್ನೂ, ಎರಡು ಕದಗಳು ಕೂಡುವ ನಡುಗೆರೆಯನ್ನೂ ನೋಡಿ. ಬಹುಶಃ ಅಲ್ಲಿಯೇ ಉಳಿದಿದೆ.